ಸಕ್ಕರೆ, ಕಾಗದ, ಬಾಕಿ

2024ರ ಜುಲೈ 11ರಂದು ಚೀನಾದ ಶಿಯಾಮೆನ್‌ನಿಂದ ಹೊರಟಿದ್ದ ‘ಸಾನ್ ಫರ್ನಾಂಡೊ’ ಎಂಬ ಹಡಗು ತಿರುವನಂತಪುರದ ಬಳಿಯ ವಿಳಿಂಜಂನ ಹೊಸ ದಕ್ಕೆಗೆ ತಾಗಿ ನಿಂತಿತು. ಆ ಬಂದರಿಗೆ ಬಂದ ಮೊದಲ ದೊಡ್ಡ ಕಂಟೇನರ್ ಹಡಗು ಅದು. ವಿಳಿಂಜಂ ಬಂದರಿನ ಕಸುಬು ಸ್ವಲ್ಪ ಬೇರೆ ಥರದ್ದು. ಅಲ್ಲಿ ಇಳಿಯುವ ಹೆಚ್ಚಿನ ಪೆಟ್ಟಿಗೆಗಳನ್ನು ಕೊಳ್ಳುವವರೂ ಅಲ್ಲಿಲ್ಲ, ಮಾರುವವರೂ ಅಲ್ಲಿಲ್ಲ. ದೊಡ್ಡ ಹಡಗಿನಿಂದ ಇಳಿಸಿ, ಅಂಗಳದಲ್ಲಿ ಇಟ್ಟುಕೊಂಡು, ಸಣ್ಣ ಹಡಗಿಗೆ ಹತ್ತಿಸಿ ಕಳಿಸುವುದೇ ಕೆಲಸ. ಸರಕು ಯಾರದೋ, ಲಾಭ ಯಾರದೋ. ಬಂದರು ಬಿಲ್ ಹಾಕುವುದು ಎತ್ತಿದ್ದಕ್ಕೆ, ಇಟ್ಟಿದ್ದಕ್ಕೆ, ಹಡಗನ್ನು ಒಳಗೆ ತಂದಿದ್ದಕ್ಕೆ. ಅಂದರೆ ಬರೀ ಕೆಲಸಕ್ಕೆ.

ಸ್ವತಂತ್ರವಾಗಿ ದುಡಿಯುವ ಸಲಹೆಗಾರರ ಬಿಲ್ಲೂ ಹೀಗೆಯೇ. ಅದರಲ್ಲಿ ತೂಗಿ ತೋರಿಸಬಹುದಾದ ಸರಕು ಇರುವುದಿಲ್ಲ. ಒಂದು ಸಾಲಿನಲ್ಲಿ ಮಾಡಿದ ಕೆಲಸದ ಹೆಸರು, ಅದರ ಎದುರಿಗೆ ಒಂದು ಮೊತ್ತ. ಗಿರಾಕಿಯ ಕಚೇರಿಯಲ್ಲಿ ಆ ಸಾಲನ್ನು ಓದುವವರಿಗೆ ಪ್ರತಿ ಸಲವೂ ಒಂದು ಸಣ್ಣ ಅನುಮಾನ ಬರುತ್ತದೆ: ಇಷ್ಟಕ್ಕೆ ಇಷ್ಟಾ? ಕಬ್ಬಿಣದ ಬಿಲ್ಲಿಗೆ ಈ ಅನುಮಾನ ಬಂದರೆ ತಕ್ಕಡಿ ಇದೆ. ತಲೆಯ ಕೆಲಸಕ್ಕೆ ತಕ್ಕಡಿ ಇಲ್ಲ.

ಈ ಒಂದು ಸಾಲು ಲೆಕ್ಕದ ಪುಸ್ತಕಕ್ಕೆ ಸುಲಭವಾಗಿ ಬಂದದ್ದಲ್ಲ. ಅದು ಇಲ್ಲದ ಕಾಲದಲ್ಲಿ ಸ್ವತಂತ್ರ ಕೆಲಸಗಾರನ ಪಾಡು ಹೇಗಿತ್ತು ಎಂದು ನೋಡಲು ಇದೇ ಕರಾವಳಿಯಲ್ಲಿ ಒಳ್ಳೆಯ ಉದಾಹರಣೆಯೊಂದಿದೆ. ವಿಳಿಂಜಂನಿಂದ ಉತ್ತರಕ್ಕೆ ಕೊಲ್ಲಂ, ಕೊಚ್ಚಿ, ಪಂದಲಾಯನಿ ದಾಟುತ್ತ ಬಂದರೆ ಮಂಗಳೂರು. ಅರಬ್ಬಿ ಕಡಲಿನ ವ್ಯಾಪಾರಿಗಳಿಗೆ ಇದೆಲ್ಲ ಒಂದೇ ಕರಾವಳಿ. 9ನೇ ಶತಮಾನದ ಕೊಲ್ಲಂನ ತಾಮ್ರಶಾಸನದ ಕೊನೆಯಲ್ಲಿ ಸಾಕ್ಷಿಗಳು ಅರಬಿಯ ಕೂಫಿ ಲಿಪಿಯಲ್ಲಿ, ಪಹ್ಲವಿಯಲ್ಲಿ, ಹೀಬ್ರೂ ಅಕ್ಷರಗಳಲ್ಲಿ ಸಹಿ ಹಾಕಿದ್ದಾರೆ. ಒಂದೇ ದಾಖಲೆಗೆ ಇಷ್ಟು ಲಿಪಿಗಳ ಸಾಕ್ಷಿ ಬೇಕಾಗುತ್ತಿತ್ತು ಅಂದರೆ ಈ ಕರೆಯಲ್ಲಿ ಎಂಥೆಂಥ ಜನ ಕೊಡುಕೊಳ್ಳುವಿಕೆ ನಡೆಸುತ್ತಿದ್ದರು ಎಂದು ಊಹಿಸಬಹುದು. ಅದಾದ ಸುಮಾರು ಮುನ್ನೂರು ವರ್ಷಕ್ಕೆ, ಆಳುಪರ ಆಳ್ವಿಕೆಯ ಮಂಗಳೂರಿನಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಬಂದು ನೆಲೆಸಿದ.

ಬೆನ್ ಯಿಜು ಈಗಿನ ಟುನೀಷಿಯಾದ ಮಹ್ದಿಯಾ ಊರಿನವನು. ಏಡನ್ ಮೂಲಕ ಇತ್ತ ಬಂದ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ ಎಂಬುದಕ್ಕೆ ಗಟ್ಟಿ ದಾಖಲೆ ಇದೆ: ಆ ವರ್ಷದ ಅಕ್ಟೋಬರ್ 17ರಂದು ಅಶು ಎಂಬ ತುಳುವ ಹೆಣ್ಣಿಗೆ ದಾಸ್ಯದಿಂದ ಬಿಡುಗಡೆ ಕೊಟ್ಟ ಪತ್ರ ಮಂಗಳೂರಿನಲ್ಲೇ ಬರೆದದ್ದು. ಆಮೇಲೆ ಅವಳೊಂದಿಗೆ ಸಂಸಾರ ಮಾಡಿದ, ಮಕ್ಕಳಾದವು. 1149ರವರೆಗೆ, ಅಂದರೆ ಹತ್ತಿರಹತ್ತಿರ ಹದಿನೇಳು ವರ್ಷ, ಅವನ ಬದುಕು ಹೆಚ್ಚಾಗಿ ಈ ಕರಾವಳಿಯಲ್ಲೇ ನಡೆಯಿತು. ಘಟ್ಟದ ಮೇಲೆ, ದೂರದ ಕಲ್ಯಾಣದಲ್ಲಿ, ಬಸವಣ್ಣ ಬಿಜ್ಜಳನ ಭಂಡಾರದ ಲೆಕ್ಕ ನೋಡಿಕೊಳ್ಳುವ ಕಾಲಕ್ಕೆ ತುಸು ಮುಂಚಿನ ಕಥೆ ಇದು.

ಇಷ್ಟು ವಿವರ ಉಳಿದು ಬಂದದ್ದು ಒಂದು ಧಾರ್ಮಿಕ ಕಟ್ಟಳೆಯಿಂದ. ದೇವರ ಹೆಸರು ಇರಬಹುದಾದ ಯಾವ ಬರಹವನ್ನೂ ಯೆಹೂದಿಗಳು ಸುಮ್ಮನೆ ಎಸೆಯುತ್ತಿರಲಿಲ್ಲ. ಹಳೇ ಕೈರೋದ, ಅಂದರೆ ಫುಸ್ತಾತಿನ, ಬೆನ್ ಎಜ್ರಾ ಸಿನಗಾಗ್‌ನಲ್ಲಿ ಅದಕ್ಕೆಂದೇ ಒಂದು ಕೋಣೆ ಇತ್ತು. ಗೆನಿಜಾ ಎಂದು ಅದಕ್ಕೆ ಹೆಸರು. 1896-97ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸ ಅಲ್ಲಿನ ಬಹುಪಾಲು ಕಾಗದಗಳನ್ನು ಕೇಂಬ್ರಿಜ್‌ಗೆ ಸಾಗಿಸಿದ. ಅವುಗಳಲ್ಲಿ ಧರ್ಮಗ್ರಂಥಗಳ ಚೂರುಗಳ ಜೊತೆಗೆ ವ್ಯಾಪಾರದ ಪತ್ರ, ಲೆಕ್ಕದ ಚೀಟಿ, ಮದುವೆಯ ಕರಾರು ಎಲ್ಲವೂ ಇದ್ದವು. ಭಾಷೆ ಅರಬಿ, ಅಕ್ಷರ ಹೀಬ್ರೂ. ಎಸ್.ಡಿ. ಗೋಯ್ಟೈನ್ ಅವುಗಳಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸೇರಿದವನ್ನು ದಶಕಗಳ ಕಾಲ ಹೆಕ್ಕಿ ಜೋಡಿಸಿದರು. 1985ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ದೆಖಾಯ್ ಫ್ರೀಡ್‌ಮನ್ ಆ ಕೆಲಸ ಮುಂದುವರಿಸಿ 2008ರಲ್ಲಿ ದೊಡ್ಡ ಸಂಪುಟ ತಂದರು. ನಡುವೆ 1992ರಲ್ಲಿ ಅಮಿತಾವ್ ಘೋಷ್ ಬೆನ್ ಯಿಜುವಿನ ಮತ್ತು ಅವನ ಆಳಿನ ಕಥೆಯನ್ನು ಪುಸ್ತಕ ಮಾಡಿದರು. ಆ ಆಳಿನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಸ್ವರಗಳಿಲ್ಲದೆ ಬರೆದಿದ್ದರಿಂದ ಅದೇನೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಮಂಗಳೂರಿನ ಬಿ.ಎ. ವಿವೇಕ ರೈ ಅವರ ನೆರವಿನಿಂದ ಘೋಷ್ ಅದನ್ನು ‘ಬೊಮ್ಮ’ ಎಂದು ಓದಿದರು. ಕನ್ನಡನಾಡಿನ ಶಾಸನ ನೋಡಿದ ಯಾರಿಗಾದರೂ ಬೊಮ್ಮ ಪರಿಚಿತ ಹೆಸರೇ.

ಬೆನ್ ಯಿಜು ಮಾಡುತ್ತಿದ್ದ ಕೆಲಸವನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ, ಏಡನ್ನಿನ ಗಿರಾಕಿಗಳಿಗೆ ಮಲಬಾರ್ ಕರಾವಳಿಯ ಸ್ವತಂತ್ರ ಪ್ರತಿನಿಧಿ. ಯಾರ ನೌಕರನೂ ಅಲ್ಲ. ಅವನ ಮುಖ್ಯ ಪತ್ರಮಿತ್ರರು ಮೂವರು: ಏಡನ್ನಿನ ವರ್ತಕರ ಮುಖ್ಯಸ್ಥನಾಗಿದ್ದ ಮದ್‌ಮೂನ್ ಬಿನ್ ಹಸನ್, ಖಲಫ್ ಬಿನ್ ಇಸ್‌ಹಾಕ್, ಯೂಸುಫ್ ಬಿನ್ ಅಬ್ರಹಾಂ. ಅವರು ಚಿನ್ನ, ತಾಮ್ರ, ಬಟ್ಟೆ ಕಳಿಸುತ್ತಿದ್ದರು. ಇವನು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಬ್ಬಿಣದಲ್ಲೇ ಹಲವು ಜಾತಿ, ಅಡಿಕೆಯಲ್ಲಿ ಕೆಂಪು, ಬಿಳಿ. ಯಾವ ಮಾಲಿಗೆ ಏಡನ್ನಿನಲ್ಲಿ ಬೆಲೆ ಬಂದಿದೆ ಎಂದು ಅವರು ಬರೆಯಬೇಕು, ಯಾವುದು ಇಲ್ಲಿ ಸಿಗುತ್ತದೆ ಎಂದು ಇವನು ಬರೆಯಬೇಕು. ಮಳೆಗಾಲದಲ್ಲಿ ಕಡಲು ಮುಚ್ಚುತ್ತಿತ್ತು. ಒಂದು ಪತ್ರಕ್ಕೆ ಉತ್ತರ ಬರಲು ಒಂದು ಋತುವೇ ಹಿಡಿಯುತ್ತಿತ್ತು. ಹಡಗು ಮುಳುಗಿದರೆ ಎಂದು ಒಂದೇ ಪತ್ರದ ಎರಡು ಪ್ರತಿ ಮಾಡಿ ಬೇರೆಬೇರೆ ಹಡಗಿನಲ್ಲಿ ಕಳಿಸುವ ರೂಢಿಯಿತ್ತು.

ಪತ್ರಗಳಲ್ಲಿ ಲೆಕ್ಕ ಬಹಳ ಚೊಕ್ಕ. ಏಡನ್ನಿಗೆ ಬಂದ ಮೆಣಸು ಇಷ್ಟು ತೂಕ, ಮಾರಿದ ಬೆಲೆ ಇಷ್ಟು. ಅದರಲ್ಲಿ ಸುಂಕಕ್ಕೆ ಇಷ್ಟು, ಕಡಲ್ಗಳ್ಳರಿಂದ ಕಾಯುವ ರಾಜನ ಹಡಗುಗಳಿಗಾಗಿ ಹಾಕಿದ ತೆರಿಗೆಗೆ ಇಷ್ಟು, ಹೊತ್ತವರಿಗೆ ಇಷ್ಟು. ಉಳಿದದ್ದರಲ್ಲಿ ನಿನಗಾಗಿ ಕೊಂಡ ಸಾಮಾನು ಇಂತಿಂಥದ್ದು. ಕೊನೆಗೆ ಉಳಿಕೆ. ಎಲ್ಲ ಏಡನ್ನಿನ ಮಾಲಿಕಿ ದಿನಾರ್‌ಗಳಲ್ಲಿ. ಅದು ಈಜಿಪ್ಟಿನ ದಿನಾರಿಗಿಂತ ಕಡಿಮೆ ಬೆಲೆಯ ನಾಣ್ಯವಾದ್ದರಿಂದ ಯಾವ ದಿನಾರ್ ಎಂದು ಹೇಳಲೇಬೇಕು. ಇವತ್ತು ಹೊರದೇಶದ ಗಿರಾಕಿಗೆ ಬಿಲ್ ಕಳಿಸುವವರು ಯಾವ ಡಾಲರ್ ಎಂದು ನಮೂದಿಸುವ ಹಾಗೆ.

ಒಂದು ಪ್ರಸಂಗ ಈ ಚೊಕ್ಕತನವನ್ನು ಚೆನ್ನಾಗಿ ತೋರಿಸುತ್ತದೆ. ಬೆನ್ ಯಿಜುವಿನ ಸರಕಿದ್ದ ಹಡಗೊಂದು ಏಡನ್ನಿನ ಕಡೆ ಹೋಗುತ್ತ ಒಡೆಯಿತು. ಮೆಣಸು ಪೂರ್ತಿ ನೀರುಪಾಲು. ಕಬ್ಬಿಣ ಮಾತ್ರ ತಳದಲ್ಲಿ ಕೂತಿತ್ತು. ಏಡನ್ನಿನವರು ಮುಳುಗುಗಾರರನ್ನು ಗೊತ್ತು ಮಾಡಿ ಅರ್ಧದಷ್ಟು ಕಬ್ಬಿಣ ಮೇಲೆತ್ತಿಸಿದರು. ಆ ಮುಳುಗುಗಾರರ ಖರ್ಚನ್ನು, ಬೆನ್ ಯಿಜುವಿನ ಪಾಲಿನ ಕಬ್ಬಿಣ ಮಾರಿ ಬಂದ ಹಣದಲ್ಲಿ ಕಳೆದು, ಲೆಕ್ಕ ಬರೆದು ಕಳಿಸಿದರು. ಸರಕಿಲ್ಲದ ಕೆಲಸಕ್ಕೂ ಲೆಕ್ಕದಲ್ಲಿ ಸಾಲು ಇತ್ತು ಎಂದಾಯಿತು. ಮುಳುಗುಗಾರನಿಗೆ ಇತ್ತು, ಹೊರುವವನಿಗೆ ಇತ್ತು, ತೂಗುವವನಿಗೆ ಇತ್ತು.

ಬೆನ್ ಯಿಜುವಿನ ಕೆಲಸಕ್ಕೆ ಇರಲಿಲ್ಲ.

ಏಲಕ್ಕಿ ಹುಡುಕಿದ್ದಕ್ಕೆ, ಬೆಲೆ ಕುದುರಿಸಿದ್ದಕ್ಕೆ, ನಾಖುದನೊಂದಿಗೆ ಮಾತಾಡಿ ಹಡಗಿನಲ್ಲಿ ಜಾಗ ಹಿಡಿದದ್ದಕ್ಕೆ, ಯಾರ ಚೀಲಕ್ಕೆ ಯಾರ ಹೆಸರು ಎಂದು ಬರೆದದ್ದಕ್ಕೆ ಅವನು ಏಡನ್ನಿನವರಿಂದ ಸಂಬಳ ಕೇಳುವ ಪದ್ಧತಿ ಇರಲಿಲ್ಲ. ಅತ್ತ ಇವನ ಮೆಣಸನ್ನು ಮಾರಿಕೊಟ್ಟದ್ದಕ್ಕೆ ಮದ್‌ಮೂನನೂ ಕೇಳುತ್ತಿರಲಿಲ್ಲ. ಲಾಭದಲ್ಲಿ ಪಾಲು ಕೊಡುವ ಕರಾರುಗಳು, ಪಾಲುದಾರಿಕೆಗಳು ಆ ಲೋಕದಲ್ಲಿ ಇದ್ದವು, ನಿಜ. ಆದರೆ ದಿನನಿತ್ಯದ ಓಡಾಟವೆಲ್ಲ ನಡೆಯುತ್ತಿದ್ದದ್ದು ‘ಸುಹ್ಬಾ’ ಎಂಬ ಸಂಬಂಧದ ಮೇಲೆ. ಆ ಅರಬಿ ಮಾತಿಗೆ ಒಡನಾಟ ಎಂದರ್ಥ. ನೀನು ನನ್ನ ಕೆಲಸ ಅಲ್ಲಿ ಮಾಡು, ನಾನು ನಿನ್ನ ಕೆಲಸ ಇಲ್ಲಿ ಮಾಡುತ್ತೇನೆ. ಗೋಯ್ಟೈನ್ ಇದನ್ನು ಸ್ನೇಹದ ಮೇಲೆ ನಿಂತ ವ್ಯಾಪಾರ ಎಂದು ಬಣ್ಣಿಸಿದರು. ಮುಂದೆ ಅವ್ನರ್ ಗ್ರೈಫ್ ಎಂಬ ಅರ್ಥಶಾಸ್ತ್ರಜ್ಞರು 11ನೇ ಶತಮಾನದ ಇಂಥದೇ ವರ್ತಕರನ್ನು ಇಟ್ಟುಕೊಂಡು, ಕೋರ್ಟಿಗಿಂತ ಹೆಸರು ಕೆಡುವ ಭಯವೇ ಇವರನ್ನು ಪ್ರಾಮಾಣಿಕವಾಗಿ ಇಟ್ಟಿತ್ತು ಎಂದು ವಾದಿಸಿದರು. ಹಾಗೇನಿಲ್ಲ, ಬೇಕಾದಾಗ ಕೋರ್ಟು, ಕರಾರು ಎರಡನ್ನೂ ಬಳಸುತ್ತಿದ್ದರು ಎಂದು ಬೇರೆ ಇತಿಹಾಸಕಾರರು ತಿರುಗಿ ಹೇಳಿದರು. ಆ ಜಗಳ ಇನ್ನೂ ಮುಗಿದಿಲ್ಲ.

ಕನ್ನಡದಲ್ಲಿ ಓದುವವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ಅರ್ಥಶಾಸ್ತ್ರ ಬೇಕಿಲ್ಲ, ‘ಮುಯ್ಯಿ’ ಎಂಬ ಒಂದು ಪದ ಸಾಕು. ನಾಟಿಯ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಅದು ಮುಯ್ಯಾಳು. ಕೂಲಿ ಇಲ್ಲ, ಆದರೆ ಮರೆಯುವ ಹಾಗೂ ಇಲ್ಲ. ಮದುವೆಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಓದಿಸಿದರು ಎಂದು ಬರೆದುಕೊಳ್ಳುತ್ತಾರಲ್ಲ, ಆ ಪುಸ್ತಕ ಬಿಲ್ ಅಲ್ಲ. ಅದನ್ನು ತೋರಿಸಿ ಯಾರೂ ಹಣ ಕೇಳುವಂತಿಲ್ಲ. ಆದರೂ ಹತ್ತು ವರ್ಷದ ಮೇಲೆ ಆ ಮನೆಯ ಮದುವೆಗೆ ಹೊರಡುವ ಹಿಂದಿನ ರಾತ್ರಿ ಅದೇ ಪುಸ್ತಕ ತೆರೆಯುತ್ತಾರೆ. ಮುಯ್ಯಿಗೆ ಮುಯ್ಯಿ ಎಂದರೆ ಸೇಡು ಎಂಬ ಅರ್ಥವೂ ಇದೆ ಎಂಬುದನ್ನು ಮರೆಯಬಾರದು. ಉಪಕಾರ ತೀರಿಸುವುದಕ್ಕೂ ಹಗೆ ತೀರಿಸುವುದಕ್ಕೂ ಭಾಷೆ ಒಂದೇ ಮಾತು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಏಡನ್ನಿನವರು ಮುಯ್ಯಿ ತೀರಿಸುತ್ತಿದ್ದದ್ದು ಹೀಗೆ: ಪ್ರತಿ ಪತ್ರದ ಕೊನೆಯಲ್ಲಿ, ದೊಡ್ಡ ಲೆಕ್ಕ ಮುಗಿದ ಮೇಲೆ, ಇದೆಲ್ಲ ಲೆಕ್ಕಕ್ಕಿಲ್ಲದ ಅಲ್ಪ ವಸ್ತು ಎಂಬ ಮಾತಿನೊಂದಿಗೆ ಒಂದು ಸಣ್ಣ ಪಟ್ಟಿ ಬರುತ್ತದೆ. ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು, ಚಾಪೆ, ಬಟ್ಟೆ ಮತ್ತು ಕಾಗದ. ಕಾಗದ ತುಂಬ ಮುಖ್ಯ. ಆಗ ಈ ಕರಾವಳಿಯಲ್ಲಿ ಬರೆಯುತ್ತಿದ್ದದ್ದು ತಾಳೆಗರಿಯ ಮೇಲೆ. ಬೆನ್ ಯಿಜುವಿಗೆ ಬೇಕಾದದ್ದು ಈಜಿಪ್ಟಿನ ಕಾಗದ. ಅವನ ಕೈಬರಹ ಅಂದವಾದದ್ದು, ಪದ್ಯ ಬರೆಯುವ ಹವ್ಯಾಸವೂ ಇತ್ತು. ಬಂದ ಪತ್ರದ ಹಿಂಬದಿಯಲ್ಲೇ ಲೆಕ್ಕ ಬರೆಯುವಷ್ಟು ಕಾಗದದ ಮೋಹ. ಅವನ ಕೆಲಸಕ್ಕೆ ಬಂದ ಪ್ರತಿಫಲದಲ್ಲಿ ಒಂದು ಭಾಗ ಸಕ್ಕರೆಯ ರೂಪದಲ್ಲಿ ಕರಗಿಹೋಯಿತು. ಇನ್ನೊಂದು ಭಾಗ ಕಾಗದದ ರೂಪದಲ್ಲಿ ಇವತ್ತಿಗೂ ಇದೆ.

ಅವನ ಇನ್ನೊಂದು ಕಸುಬು ಕಂಚಿನ ಕಾರ್ಖಾನೆ. ಏಡನ್ನಿನವರು ತಾಮ್ರ, ಸೀಸ, ಒಡೆದ ಪಾತ್ರೆಗಳನ್ನು ಕಳಿಸಿ, ಇದರಲ್ಲಿ ಇಂಥ ಗಿಂಡಿ ಮಾಡಿಸು, ಇದರ ತೂಕ ಇಷ್ಟೇ ಇರಬೇಕು, ಈ ತಾಮ್ರ ಒಳ್ಳೆಯದು ಬದಲಾಯಿಸಬೇಡ ಎಂದೆಲ್ಲ ಬರೆಯುತ್ತಿದ್ದರು. ಸಾವಿರಾರು ಮೈಲಿ ದಾಟಿ ಒಂದು ಒಡಕು ಪಾತ್ರೆ ಕಳಿಸುವುದು ಇಂದಿಗೆ ಹುಚ್ಚೆನಿಸಬಹುದು, ಆದರೆ ಮಂಗಳೂರಿನ ಕಂಚುಗಾರರ ಕೈಚಳಕಕ್ಕೆ ಅಷ್ಟು ಹೆಸರಿದ್ದಿರಬೇಕು. ಇಲ್ಲಿ ಎಲ್ಲವೂ ತೂಕದ ಲೆಕ್ಕ. ಕೊಟ್ಟ ಲೋಹ ಎಷ್ಟು, ಆದ ಪಾತ್ರೆ ಎಷ್ಟು ತೂಗಿತು, ಕೂಲಿ ಎಷ್ಟು. ಕಂಚುಗಾರನ ಕೈಗೆ ಬೆಲೆ ಬರೆಯಬಹುದಿತ್ತು. ಆ ಕಂಚುಗಾರನಿಗೆ ಏಡನ್ನಿನ ಗಿರಾಕಿಯ ಬಯಕೆ ಏನೆಂದು ತಿಳಿಸಿ, ಅರಬಿಯ ಪಾತ್ರೆಯ ಹೆಸರು ಇಲ್ಲಿನ ಯಾವ ಪಾತ್ರೆಗೆ ಹೊಂದುತ್ತದೆ ಎಂದು ವಿವರಿಸಿ, ಆದದ್ದು ಸರಿಯಿದೆಯೇ ಎಂದು ನೋಡುವವನ ತಲೆಗೆ ಬರೆಯುವಂತಿರಲಿಲ್ಲ.

ಬೊಮ್ಮನ ಲೆಕ್ಕ ಇದಕ್ಕೆ ತದ್ವಿರುದ್ಧ. ಅವನು ಯಜಮಾನನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ, ತಿಂಗಳಿಗೆ ಎರಡು ದಿನಾರ್ ಸಂಬಳ ಗೊತ್ತಾಗಿತ್ತು. 1135ರ ಸುಮಾರಿನ ಒಂದು ಪ್ರವಾಸದಲ್ಲಿ ಅವನು ಏಡನ್ನಿನಲ್ಲಿ ಕುಡಿದು ಮದ್‌ಮೂನನ ತಲೆ ತಿಂದು ಹೆಚ್ಚು ಹಣ ಕಿತ್ತ. ಮದ್‌ಮೂನ್ ಸಿಡಿಮಿಡಿಗೊಂಡು ಅದನ್ನು ಬೆನ್ ಯಿಜುವಿಗೆ ಬರೆದು ತಿಳಿಸಿದ. ಮುಂದಿನ ವರ್ಷಗಳ ಪತ್ರಗಳಲ್ಲಿ ಇದೇ ಬೊಮ್ಮನನ್ನು ‘ಶೇಖ್ ಬೊಮ್ಮ’ ಎಂದು ಗೌರವದಿಂದ ಕೇಳುವುದನ್ನು ಕಾಣಬಹುದು. ದಾಸನೆಂದು ಕರೆಸಿಕೊಂಡವನ ಕೆಲಸಕ್ಕೆ ತಿಂಗಳ ದರವಿತ್ತು, ಸ್ವತಂತ್ರನಾದ ಯಜಮಾನನ ಕೆಲಸಕ್ಕಿರಲಿಲ್ಲ. ಸ್ವಾತಂತ್ರ್ಯಕ್ಕೆ ಆಗಿನಿಂದಲೂ ಇದೊಂದು ದಂಡ ಇದ್ದೇ ಇದೆ.

ಎಲ್ಲ ಸುಗಮವಾಗಿ ನಡೆಯುವಾಗ ಸಾಲು ಇಲ್ಲದಿದ್ದರೂ ನಡೆಯುತ್ತದೆ. ಏಲಕ್ಕಿಯ ವಿಷಯದಲ್ಲಿ ಸುಗಮವಾಗಲಿಲ್ಲ.

ಪತ್ರಗಳಲ್ಲಿ ‘ಕಾರ್ದಾರ್’ ಎಂದು ಕರೆಸಿಕೊಳ್ಳುವ ಒಬ್ಬ ಸ್ಥಳೀಯ ವ್ಯಾಪಾರಿ ಬರುತ್ತಾನೆ. ಅದನ್ನು ‘ಕಾರ್ದಾಲ್’ ಎಂದು ಓದುವವರೂ ಇದ್ದಾರೆ. ಪರ್ಷಿಯನ್ನಿನಲ್ಲಿ ಕಾರ್ದಾರ್ ಎಂದರೆ ಕಾರಭಾರ ನಡೆಸುವವನು. ಜಮೀನ್ದಾರ, ಪಾಲುದಾರ, ಸಾಲದಾರ ಎನ್ನುವಾಗ ಕನ್ನಡಿಗರ ಬಾಯಲ್ಲಿ ಬರುವ ‘ದಾರ’ವೇ ಅದು. ಅಶುವಿನ ಕಡೆಯ ನಂಟನಿರಬಹುದು ಎಂಬುದು ವಿದ್ವಾಂಸರ ಊಹೆ. ಬೆನ್ ಯಿಜುವಿನ ಟಿಪ್ಪಣಿಯೊಂದರಲ್ಲಿ ‘ನಾಯರ್’ ಎಂಬ ಭಾವಮೈದುನನ ಹೆಸರೂ ಕಾಣುತ್ತದೆ. ಏಲಕ್ಕಿಗಾಗಿ ಬೆನ್ ಯಿಜು ಈ ಕಾರ್ದಾರನಿಗೆ ಮುಂಗಡ ಕೊಟ್ಟಿದ್ದ. ಏಡನ್ನಿನ ಗೆಳೆಯರ ಹಣವೂ ಇದರಲ್ಲಿ ಸೇರಿತ್ತು. ಕಾರ್ದಾರ್ ಹಣ ಇಟ್ಟುಕೊಂಡ. ಏಲಕ್ಕಿ ಬರಲಿಲ್ಲ. ಒಂದು ಋತು ಕಳೆಯಿತು, ಇನ್ನೊಂದು ಕಳೆಯಿತು.

ಏಡನ್ನಿನಿಂದ ಬಂದ ಪತ್ರಗಳಲ್ಲಿ ಸ್ವರ ಬದಲಾಗುತ್ತ ಹೋಗುವುದನ್ನು ಗಮನಿಸಬೇಕು. ಕಾರ್ದಾರನನ್ನು ದೇವರು ಶಪಿಸಲಿ ಎಂಬ ಮಾತು ಮಾಮೂಲು. ಒಬ್ಬರು ಉಪಾಯ ಹೇಳುತ್ತಾರೆ: ನಮಗೆ ಕೊಡಬೇಕಾದ್ದನ್ನು ಕೊಡದವರನ್ನು ಏಡನ್ನಿನಲ್ಲಿ ಬಹಿರಂಗವಾಗಿ ಖಂಡಿಸುತ್ತೇವೆ ಎಂದು ಅವನನ್ನು ಹೆದರಿಸು, ಬೇಕಾದರೆ ಅಧಿಕೃತ ಪತ್ರವನ್ನೇ ಕಳಿಸೋಣ. ಮಲಬಾರಿನ ಏಲಕ್ಕಿ ವ್ಯಾಪಾರಿ ಏಡನ್ನಿನ ಛೀಮಾರಿಗೆ ಹೆದರುತ್ತಾನೆ ಎಂಬ ನಂಬಿಕೆಯೇ ಸೊಗಸು. ಹಣ ಬಾರದ ಗಿರಾಕಿಯ ಹೆಸರನ್ನು ಎಲ್ಲರಿಗೂ ತಿಳಿಸುತ್ತೇನೆ ಎಂದು ಇವತ್ತು ಹೆದರಿಸುವವರಿಗೂ ಹೆಚ್ಚುಕಡಿಮೆ ಇಷ್ಟೇ ಬಲ. ಛೀಮಾರಿ ಕೆಲಸ ಮಾಡುವುದು ಒಂದೇ ಊರಿನಲ್ಲಿ ಮುಖ ನೋಡಬೇಕಾದವರ ನಡುವೆ.

ಮತ್ತೊಂದು ಪತ್ರದಲ್ಲಿ ನಿಜವಾದ ಮಾತು ಬರುತ್ತದೆ. ಏಲಕ್ಕಿಯ ವಿಷಯವನ್ನು ಕೆಲವರೊಂದಿಗೆ ಆಡಿದೆವು, ಆ ಏಲಕ್ಕಿ ನಿನ್ನದೇ ಎಂದರು, ಅದರಲ್ಲಿ ನಮಗೆ ಪಾಲಿಲ್ಲ, ಅದು ನಿನಗೂ ಕಾರ್ದಾರನಿಗೂ ಸೇರಿದ್ದು, ನೀನೇ ಬಗೆಹರಿಸಿಕೋ. ಪತ್ರದ ಸಾರಾಂಶ ಇಷ್ಟು. ಶಿಷ್ಟಾಚಾರಕ್ಕೆ ಕೊರತೆಯಿಲ್ಲ, ಹಾರೈಕೆಗಳು ಎಂದಿನಂತೆ ಉದ್ದ. ನಡುವೆ ಈ ಒಂದು ವಾಕ್ಯವೃಂದದಲ್ಲಿ ನಷ್ಟ ಸಮುದ್ರ ದಾಟಿ ಮಂಗಳೂರಿಗೆ ಬಂದು ಕೂತಿತು.

ಬಿಲ್ ಎಂಬುದನ್ನು ಜನ ಹಣ ಕೇಳುವ ಚೀಟಿ ಎಂದುಕೊಂಡಿದ್ದಾರೆ. ಅದರ ಇನ್ನೊಂದು ಕೆಲಸವೇ ದೊಡ್ಡದು: ಕೆಟ್ಟರೆ ಯಾರದ್ದು ಕೆಟ್ಟಿತು ಎಂದು ಮೊದಲೇ ಬರೆದಿಡುವುದು. ಇಂಥವರ ಆದೇಶದ ಮೇರೆಗೆ, ಇಂಥವರ ಪರವಾಗಿ, ಇಂಥ ಕೆಲಸಕ್ಕೆ. ಬೆನ್ ಯಿಜು ತನ್ನ ಶ್ರಮಕ್ಕೆ ಬೆಲೆ ಹಾಕಿ ಬರೆಯುತ್ತಿದ್ದರೆ, ತಾನು ಏಡನ್ನಿನವರ ಕೆಲಸ ಮಾಡುತ್ತಿರುವ ಮಧ್ಯವರ್ತಿ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿರುತ್ತಿತ್ತು. ಗೆಳೆತನದ ಲೆಕ್ಕದಲ್ಲಿ ಆ ಗೆರೆ ಎಳೆಯುವಂತಿರಲಿಲ್ಲ. ಲಾಭದ ಕಾಲದಲ್ಲಿ ‘ನಮ್ಮ ಏಲಕ್ಕಿ’, ನಷ್ಟದ ಕಾಲದಲ್ಲಿ ‘ನಿನ್ನ ಏಲಕ್ಕಿ’. ಏಡನ್ನಿನವರು ಕೆಟ್ಟವರಾಗಿದ್ದರು ಎಂದಲ್ಲ. ಹಡಗು ಒಡೆದಾಗ ಮುಳುಗುಗಾರರನ್ನು ಇಳಿಸಿ ಅವನ ಕಬ್ಬಿಣ ಎತ್ತಿಸಿದವರೂ ಅವರೇ, ವರ್ಷವರ್ಷವೂ ಸಕ್ಕರೆ ಕಳಿಸಿದವರೂ ಅವರೇ. ಬರೆಯದ ಸಾಲಿನ ಅರ್ಥವನ್ನು ಅವರು ತಮಗೆ ಬೇಕಾದಂತೆ ಮಾಡಿಕೊಂಡರು, ಅಷ್ಟೇ. ಯಾರೇ ಆದರೂ ಹಾಗೆಯೇ ಮಾಡಿಕೊಳ್ಳುತ್ತಾರೆ.

ಇಲ್ಲಿ ಭಾಷೆಯ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕನ್ನಡದ ಲೆಕ್ಕದ ಪುಸ್ತಕದಲ್ಲಿ ಈ ಅರಬಿ ಜಗತ್ತು ಹಾಸುಹೊಕ್ಕಾಗಿದೆ. ಬಾಕಿ, ಹಿಸಾಬು, ಜಮಾ, ಖರ್ಚು, ಹವಾಲೆ, ದಲ್ಲಾಳಿ, ವಕೀಲ, ತಾರೀಖು, ನಕಲು ಇವೆಲ್ಲ ಅರಬಿ ಮೂಲದವು, ರಸೀದಿ ಪರ್ಷಿಯನ್. ಇವು ಬಹುಪಾಲು ಬಂದದ್ದು ಬೆನ್ ಯಿಜುವಿನ ಹಡಗಿನಲ್ಲಲ್ಲ, ಶತಮಾನಗಳ ನಂತರ ಬಹಮನಿ, ಆದಿಲ್‌ಶಾಹಿ, ಮರಾಠಾ, ಮೈಸೂರು ದಫ್ತರಗಳ ದಾರಿಯಾಗಿ. ಆದರೂ ಬೆನ್ ಯಿಜು ಈಗ ಎದ್ದು ಬಂದರೆ ಮಂಗಳೂರಿನ ಬಂದರು ಪ್ರದೇಶದ ಅಂಗಡಿಯೊಂದರಲ್ಲಿ ‘ಬಾಕಿ’ ಎಂಬ ಮಾತು ಅವನ ಕಿವಿಗೆ ಬಿದ್ದರೆ ತಿರುಗಿ ನೋಡುತ್ತಾನೆ. ಅವನ ಪತ್ರಗಳೊಳಗೂ ಇಲ್ಲಿನ ಹೆಸರುಗಳು ಹೊಕ್ಕಿವೆ. ಏಡನ್ನಿನಿಂದ ಮೆಣಸಿನ ವಿಚಾರ ತಿಳಿಸುವಂತೆ ಮದ್‌ಮೂನ್ ಬರೆದ ಮಂಗಳೂರಿನ ವ್ಯಾಪಾರಿಗಳಲ್ಲಿ ಒಬ್ಬನ ಹೆಸರು ‘ಸೀತಿ’. ಅದು ಸೆಟ್ಟಿಯಲ್ಲದೆ ಬೇರೇನೂ ಆಗಿರಲಾರದು. ಈ ಎಲ್ಲ ಪದಗಳ ನಡುವೆ ಸಲಹೆಗೆ ಕೊಡುವ ಹಣಕ್ಕೆ ಮಾತ್ರ ತನ್ನದೇ ಆದ ಗಟ್ಟಿ ಪದವೊಂದು ನೆಲೆಯೂರಲಿಲ್ಲ. ಕೂಲಿ ಅಂದರೆ ಮೈಯ ಕೆಲಸ, ಸಂಬಳ ಅಂದರೆ ನೌಕರಿ, ದಲ್ಲಾಳಿ ಅಂದರೆ ಶೇಕಡಾವಾರು. ಸಂಭಾವನೆ ಎಂದರೆ ಮರ್ಯಾದೆಗೆ ಕೊಡುವುದು, ಅದನ್ನು ಬಾಯಿ ಬಿಟ್ಟು ಕೇಳುವಂತಿಲ್ಲ. ಗೌರವಧನವೂ ಹಾಗೆಯೇ. ಎಷ್ಟು ಎಂದು ಕೊಡುವವರೇ ತೀರ್ಮಾನಿಸುತ್ತಾರೆ. ಕನ್ನಡದಲ್ಲಿ ಪುಸ್ತಕ ಅನುವಾದಿಸುವವರಿಗೆ, ಭಾಷಣಕ್ಕೆ ಹೋಗುವವರಿಗೆ ಈ ಎರಡು ಪದಗಳು ಮಾಡಿರುವ ನಷ್ಟ ಕಡಿಮೆಯದಲ್ಲ. ಕೊನೆಗೆ ‘ಫೀಸು’ ಎಂಬ ಇಂಗ್ಲಿಷ್ ಪದವೇ ಬೇಕಾಯಿತು. ಡಾಕ್ಟರು, ವಕೀಲರು ಅದನ್ನು ಹೇಳಿ ರೂಢಿ ಮಾಡಿದರು, ಮಿಕ್ಕವರು ಇನ್ನೂ ತಡವರಿಸುತ್ತಾರೆ.

ಸಲಹೆಯ ಸಾಲು ಭಾರತದಲ್ಲಿ ಲೆಕ್ಕದೊಳಗೆ ಗಟ್ಟಿಯಾಗಿ ಕೂತದ್ದು ತೀರ ಇತ್ತೀಚೆಗೆ. ಹಾಗೆ ಕೂರಿಸಿದವರು ಗಿರಾಕಿಗಳಲ್ಲ, ತೆರಿಗೆ ಇಲಾಖೆಯವರು. 1995ರ ಜುಲೈ 1ರಿಂದ ಆದಾಯ ತೆರಿಗೆ ಕಾಯ್ದೆಗೆ 194ಜೆ ಸೇರಿತು: ವೃತ್ತಿಪರ, ತಾಂತ್ರಿಕ ಸೇವೆಗೆ ಫೀಸು ಕೊಡುವಾಗ ಮೂಲದಲ್ಲೇ ತೆರಿಗೆ ಮುರಿದುಕೊಳ್ಳಬೇಕು. ಅದಕ್ಕೆ ಒಂದು ವರ್ಷ ಮುಂಚೆ, 1994ರಲ್ಲಿ, ಸೇವಾ ತೆರಿಗೆ ಶುರುವಾದಾಗ ಅದರಲ್ಲಿದ್ದದ್ದು ಮೂರೇ ಸೇವೆ: ದೂರವಾಣಿ, ಸಾಮಾನ್ಯ ವಿಮೆ, ಷೇರು ದಲ್ಲಾಳಿ. 1997ರಲ್ಲಿ ಸಲಹೆಗಾರ ಎಂಜಿನಿಯರ್ ಆ ಪಟ್ಟಿಗೆ ಬಂದ, 1998ರಲ್ಲಿ ಮ್ಯಾನೇಜ್‌ಮೆಂಟ್ ಸಲಹೆಗಾರ. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ವಿಶ್ವೇಶ್ವರಯ್ಯನವರು ಸಲಹೆಗಾರ ಎಂಜಿನಿಯರ್ ಆಗಿ ಹೋಗಿದ್ದು 1909ರಲ್ಲಿ. ಆ ಕಸುಬಿಗೆ ತೆರಿಗೆಯ ಪುಸ್ತಕದಲ್ಲಿ ಹೆಸರು ಸಿಗಲು ಇನ್ನೂ 88 ವರ್ಷ ಬೇಕಾಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಸೇವೆಗಳಿಗೆಲ್ಲ 99ರಿಂದ ಶುರುವಾಗುವ ಸಂಕೇತಗಳು ಬಂದವು. ವೈಜ್ಞಾನಿಕ ಮತ್ತು ತಾಂತ್ರಿಕ ಸಲಹೆಗೆ 998393, ಅನುವಾದಕ್ಕೆ 998395. ಕಂಚುಗಾರನಿಗೆ ಅರಬಿ ಪಾತ್ರೆಯ ಹೆಸರು ವಿವರಿಸುವ ಕೆಲಸಕ್ಕೂ ಕೊನೆಗೊಂದು ನಂಬರ್ ಸಿಕ್ಕಿತು. ವಸೂಲಿಗೆ ಬಂದವರು ಉಪಕಾರ ಮಾಡಿ ಹೋದರು ಎನ್ನಬೇಕು: ತೆರಿಗೆ ಹಾಕಬೇಕಾದರೆ ಮೊದಲು ಅದು ಕೆಲಸ ಎಂದು ಒಪ್ಪಬೇಕು.

ಕಾರ್ದಾರನ ಪ್ರಶ್ನೆಗೆ, ಅಂದರೆ ತಡವಾದರೆ ನಷ್ಟ ಯಾರದು ಎಂಬುದಕ್ಕೆ, 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಉತ್ತರ ಬರೆಯಿತು. ನೋಂದಾಯಿಸಿಕೊಂಡ ಕಿರು ಅಥವಾ ಸಣ್ಣ ಉದ್ಯಮಿಗೆ, ಒಬ್ಬರೇ ಕೂತು ಸೇವೆ ಕೊಡುವವರೂ ಸೇರಿದಂತೆ, 45 ದಿನ ಮೀರದಂತೆ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. 2023ರ ಹಣಕಾಸು ಕಾಯ್ದೆ ಇನ್ನೊಂದು ಗಂಟು ಹಾಕಿತು: ಆ ಗಡುವಿನೊಳಗೆ ಕೊಡದ ಹಣವನ್ನು ಗಿರಾಕಿ ತನ್ನ ಖರ್ಚೆಂದು ತೋರಿಸಬೇಕಾದರೆ ನಿಜವಾಗಿ ಕೊಟ್ಟ ವರ್ಷದವರೆಗೆ ಕಾಯಬೇಕು. ಕಾನೂನು ಓದಲು ಗಟ್ಟಿಯಾಗಿದೆ. ಆದರೆ ಒಬ್ಬರೇ ದುಡಿಯುವವರು ಚಕ್ರಬಡ್ಡಿ ಸೇರಿಸಿ ಬಿಲ್ ಕಳಿಸುವುದು ಅಪರೂಪ, ಯಾಕೆಂದರೆ ಮುಂದಿನ ಕೆಲಸವೂ ಅದೇ ಗಿರಾಕಿಯಿಂದ ಬರಬೇಕು. ಬಡ್ಡಿಯ ಬದಲು ‘ನೆನಪಿಸಲು ಬರೆಯುತ್ತಿದ್ದೇನೆ, ತೊಂದರೆಗೆ ಕ್ಷಮಿಸಿ’ ಎಂಬ ಮೇಲ್ ಹೋಗುತ್ತದೆ. ಬಾಕಿ ಉಳಿಸಿಕೊಂಡವರಲ್ಲಿ ಬಾಕಿ ಬರಬೇಕಾದವರು ಕ್ಷಮೆ ಕೇಳುವುದು. ಏಡನ್ನಿನ ಪತ್ರಗಳ ಉದ್ದುದ್ದ ಹಾರೈಕೆಗಳು ಎಲ್ಲಿಗೂ ಹೋಗಿಲ್ಲ.

ಬೆನ್ ಯಿಜು 1149ರಲ್ಲಿ ಮಕ್ಕಳೊಂದಿಗೆ ಏಡನ್ನಿಗೆ ಮರಳಿದ. ಆ ವರ್ಷದ ಸೆಪ್ಟೆಂಬರ್ 11ರಂದು ಅಣ್ಣತಮ್ಮಂದಿರಿಗೆ ಬರೆದ ಪತ್ರದಲ್ಲಿ, ಎಲ್ಲರೂ ಬದುಕಲು ಸಾಕಾಗುವಷ್ಟು ಸಂಪಾದಿಸಿಕೊಂಡು ಕ್ಷೇಮವಾಗಿ ಬಂದಿದ್ದೇನೆ ಎಂದು ತಿಳಿಸಿದ. ಅದಾದ ಮೇಲೆ ಮುಬಶ್ಶಿರ್ ಎಂಬ ಸ್ವಂತ ತಮ್ಮನೇ ಸಾವಿರ ದಿನಾರ್‌ಗಳಷ್ಟನ್ನು ಎತ್ತಿಹಾಕಿದ. ನಂಬಿಕೆಯ ಮೇಲೆ ಕೊಟ್ಟದ್ದು, ಬರೆಸಿಕೊಂಡದ್ದಲ್ಲ. ಮಗಳು ಸಿತ್ ಅಲ್-ದಾರ್‌ಳನ್ನು ಇನ್ನೊಬ್ಬ ತಮ್ಮನ ಮಗನಿಗೆ 1156ರಲ್ಲಿ ಫುಸ್ತಾತಿನಲ್ಲಿ ಮದುವೆ ಮಾಡಿ ಕೊಡಲಾಯಿತು. ಮಂಗಳೂರಿನಿಂದ ತಂದ ಕಾಗದಗಳು ಅಲ್ಲಿಯ ಗೆನಿಜಾ ಸೇರಿದವು. ಒಂದು ಬದಿಯಲ್ಲಿ ಏಡನ್ನಿನವರ ಕೈಬರಹ: ದೇವರ ಹೆಸರು, ಹಾರೈಕೆ, ಮೆಣಸಿನ ಬೆಲೆ, ಸುಂಕ, ಉಳಿಕೆ, ಕೊನೆಯಲ್ಲಿ ಲೆಕ್ಕಕ್ಕಿಲ್ಲದ ಸಕ್ಕರೆ ಮತ್ತು ಕಾಗದ. ತಿರುಗಿಸಿದರೆ ಬೆನ್ ಯಿಜುವಿನ ಅಂದವಾದ ಕೈಯಲ್ಲಿ ಅವನ ಸ್ವಂತ ಲೆಕ್ಕಗಳು, ಯಾರಿಗೆ ಕೊಟ್ಟದ್ದು ಎಷ್ಟು, ಯಾರಿಂದ ಬರಬೇಕಾದದ್ದು ಎಷ್ಟು.